ಹೊಸ್ತಿಲಿನಿಂದ ಪೇಟೆಗೆ: ತಬೂಕಿನ ತರುಣಿಯರೂ ಸ್ವಂತ ವ್ಯಾಪಾರವೂ

ಅರೇಬಿಯಾದ ವಾಯವ್ಯ ಮೂಲೆಯಲ್ಲಿ, ಜೋರ್ಡಾನ್ ದೇಶದ ಗಡಿಗೆ ಸುಮಾರು ನೂರು ಕಿಲೋಮೀಟರು ಈಚೆಗೆ, ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮಿಗಿಲಾದ ಎತ್ತರದ ಬಯಲಿನಲ್ಲಿ ನಿಂತಿರುವ ತಬೂಕ್ ಪಟ್ಟಣವು ಬೆಳೆದುದು ಒಂದು ನೀರಿನ ಬುಗ್ಗೆಯ ಆಶ್ರಯದಲ್ಲಿ. ಕ್ರಿ.ಶ. 630ರಲ್ಲಿ ಪ್ರವಾದಿ ಮುಹಮ್ಮದರು ತಮ್ಮ ಸೈನ್ಯದೊಡನೆ ಇಲ್ಲಿಯವರೆಗೆ ಬಂದು ಬೀಡುಬಿಟ್ಟಿದ್ದರು. 1559ರಲ್ಲಿ ತುರ್ಕರು, ಸಿರಿಯಾದ ಕಡೆಯಿಂದ ಬರತಕ್ಕ ಯಾತ್ರಿಕರ ರಕ್ಷಣೆಗಾಗಿ, ಆ ಬುಗ್ಗೆಯ ಬಳಿ ಕೋಟೆಯನ್ನು ಕಟ್ಟಿಸಿದರು. ಡಮಾಸ್ಕಸಿನಿಂದ ಹೊರಟ ಹಿಜಾಜ್ ರೈಲುಮಾರ್ಗವು 1906ರಲ್ಲಿ ಈ ಊರಿಗೆ ತಲುಪಿ, ಎರಡು ವರ್ಷಗಳ ತರುವಾಯ ಮದೀನೆಯನ್ನು ಮುಟ್ಟಿತು. ಹಾದುಹೋಗುವವರಿಗೆ ನೀರನ್ನೂ ನೆರಳನ್ನೂ ಒದಗಿಸಿ ಶತಮಾನಗಳನ್ನು ಕಳೆದ ಇಂತಹ ಊರಿನಲ್ಲಿ, ಕಡಲ ಬಂದರಾದ ಜೆದ್ದಾದಲ್ಲಿರುವಂತೆ ತಲೆತಲಾಂತರದ ವರ್ತಕ ಮನೆತನಗಳ ಸಂಪ್ರದಾಯವು ಬಲವಾಗಿ ಬೇರೂರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವಾಯುನೆಲೆ ಬಂದಿತು, ದಂಡು ಬಂದಿತು, ಕಚೇರಿ ಶಾಲೆ ಆಸ್ಪತ್ರೆಗಳು ಬಂದವು, ಸುತ್ತಣ ಮರಳುಗಾಡಿನಲ್ಲಿ ಅಂತರ್ಜಲದ ಬಲದಿಂದ ಗೋಧಿಯ ಹೊಲಗಳೂ ಹಣ್ಣಿನ ತೋಟಗಳೂ ಹೊರದೇಶಗಳಿಗೆ ರಫ್ತಾಗುವಷ್ಟು ಹೂ ಬಿಡುವ ಗುಲಾಬಿಯ ತೋಟಗಳೂ ಎದ್ದವು; ಮತ್ತು ಜನರ ಜೀವನವು ಬಹುಮಟ್ಟಿಗೆ ತಿಂಗಳ ಸಂಬಳದ ಮೇಲೆ ನಿಂತಿತು.

ಸಂಬಳದ ಊರಿನಲ್ಲಿ ಗೌರವವೆಂಬುದು ಸರ್ಕಾರಿ ಉದ್ಯೋಗದ ಜೊತೆಗೇ ಬರುವ ವಸ್ತು. ಅರಬ್ಬರು ‘ವಜೀಫಾ’ ಎಂದು ಕರೆಯುವ ಆ ನೌಕರಿ, ಅದರಲ್ಲಿಯೂ ಹೆಣ್ಣುಮಕ್ಕಳ ಪಾಲಿಗೆ ಶಾಲೆಯ ಉಪಾಧ್ಯಾಯಿನಿಯ ಪದವಿ, ತಂದೆತಾಯಿಗಳು ಹಾರೈಸುವ, ವರನ ಕಡೆಯವರು ಮೆಚ್ಚುವ, ನೆರೆಹೊರೆಯವರು ಪ್ರಶ್ನಿಸದ ದಾರಿ. ಹೀಗಿರಲಾಗಿ, 2006ರಲ್ಲಿ ಸ್ಥಾಪಿತವಾದ ತಬೂಕ್ ವಿಶ್ವವಿದ್ಯಾಲಯದಿಂದ ಪದವಿಯನ್ನು ಪಡೆದು ಹೊರಬರುವ ಒಬ್ಬ ತರುಣಿಯು ಆ ರಾಜಮಾರ್ಗವನ್ನು ಬಿಟ್ಟು, ಅಥವಾ ಅದರಲ್ಲಿ ತನಗೆ ಎಡೆ ದೊರೆಯದುದನ್ನು ಕಂಡು, ತನ್ನದೇ ಒಂದು ವ್ಯಾಪಾರಕ್ಕೆ ಕೈಹಾಕಬೇಕೆಂದು ನಿಶ್ಚಯಿಸುವುದಾದರೆ ಆ ನಿಶ್ಚಯವು ಎಲ್ಲಿಂದ ಹುಟ್ಟುತ್ತದೆ? ಇದು ಅರೇಬಿಯಾಕ್ಕೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಲ್ಲ. ಮಗಳು ಅಂಗಡಿ ತೆರೆಯುತ್ತೇನೆಂದಾಗ ಒಂದು ಕ್ಷಣ ಮೌನವಾಗುವ ನಮ್ಮ ಎಷ್ಟೋ ಮನೆಗಳ ಪ್ರಶ್ನೆಯೂ ಹೌದು.

ಧೈರ್ಯವೆಂದು ಹೇಳಿ ಮುಗಿಸುವುದು ರೂಢಿ. ಉದ್ಯಮಕ್ಕೆ ಇಳಿದವಳು ಧೈರ್ಯವಂತೆ, ಇಳಿಯದವಳು ಅಂಜುಬುರುಕಿ ಎಂದುಬಿಟ್ಟರೆ ವಿಚಾರಮಾಡುವ ಶ್ರಮವು ಉಳಿಯುತ್ತದೆ. ನನಗೆ ಈ ಉತ್ತರವು ಎಂದಿಗೂ ಸಮ್ಮತವಾಗಿಲ್ಲ. ಏಕೆಂದರೆ ಧೈರ್ಯವು ಈ ಕಾರ್ಯದ ಬೀಜವಾಗಿರುವುದಕ್ಕಿಂತ ಹೆಚ್ಚಾಗಿ ಅದರ ಫಲವಾಗಿರುತ್ತದೆಂದೂ, ಸಣ್ಣ ಸಣ್ಣ ಅಡ್ಡಿಗಳು ಒಂದೊಂದಾಗಿ ಸರಿದಂತೆ ಅದು ತಾನಾಗಿ ಮೊಳೆಯುತ್ತದೆಂದೂ ನಾನು ನಂಬಿದ್ದೇನೆ. ಇಸೆಕ್ ಐಜೆನ್ ಎಂಬ ಮನಶ್ಶಾಸ್ತ್ರಜ್ಞನು 1991ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ ಸಿದ್ಧಾಂತವೊಂದನ್ನು ಇಂದು ಲೋಕದ ನಾನಾ ದೇಶಗಳ ವಿದ್ವಾಂಸರು, ವಿದ್ಯಾರ್ಥಿನಿಯರ ಉದ್ಯಮಸಂಕಲ್ಪವನ್ನು ಅಳೆಯುವುದಕ್ಕೆ ಬಳಸುತ್ತಾರೆ. ಅದರ ಸಾರವು ಸರಳವಾದುದು: ಮನುಷ್ಯನು ಒಂದು ಕಾರ್ಯವನ್ನು ಸಂಕಲ್ಪಿಸುವುದು ಮೂರು ಪ್ರಶ್ನೆಗಳಿಗೆ ಅವನ ಮನಸ್ಸು ಕೊಡುವ ಉತ್ತರವನ್ನು ಅವಲಂಬಿಸಿದೆ. ಈ ಕೆಲಸ ನನಗೆ ಒಳ್ಳೆಯದೆ? ನನಗೆ ಬೇಕಾದವರು ಇದನ್ನು ಒಪ್ಪುವರೆ? ಇದು ನನ್ನ ಕೈಲಾಗುವುದೆ? ಮೂರನೆಯದನ್ನು ಅಲ್ಪವೆಂದು ಭಾವಿಸಬಾರದು. ಕೈಲಾಗುವುದೆಂಬ ಮಾತಿನಲ್ಲಿ ಶಕ್ತಿಯಷ್ಟೇ ಅಲ್ಲದೆ ರುಜು, ವಾಹನ, ಬಂಡವಾಳ, ಬಿಡುವು ಎಲ್ಲವೂ ಅಡಗಿವೆ. ಮತ್ತು ತಬೂಕಿನಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಅತ್ಯಂತ ವೇಗವಾಗಿ ಬದಲಾದುದು ಇದೇ.

ರುಜುವಿನಿಂದಲೇ ಪ್ರಾರಂಭಿಸೋಣ. ಸೌದಿ ಅರೇಬಿಯಾದಲ್ಲಿ ಸ್ತ್ರೀಯರು ವ್ಯಾಪಾರದ ಪರವಾನಗಿಯನ್ನು ಪಡೆಯಬಾರದೆಂಬ ನಿಷೇಧವೇನೂ ಇರಲಿಲ್ಲ. ಆದರೆ ಪರವಾನಗಿಯು ಅವಳ ಹೆಸರಿನಲ್ಲಿದ್ದರೂ ಕಚೇರಿಗೆ ಹೋಗಿ ವ್ಯವಹರಿಸುವುದಕ್ಕೆ ಪುರುಷನೊಬ್ಬನನ್ನು ‘ವಕೀಲ್’ ಎಂದು ನೇಮಿಸಬೇಕೆಂಬ ಪದ್ಧತಿಯಿತ್ತು. ನಮ್ಮ ನ್ಯಾಯಾಲಯದ ಮಾತಿನಲ್ಲಿ ಬೆರೆತುಹೋಗಿರುವ ಈ ಪದಕ್ಕೆ ಅಲ್ಲಿ ಪ್ರತಿನಿಧಿಯೆಂಬ ವಿಶಾಲವಾದ ಅರ್ಥವಿದೆ. ಹಣ ಅವಳದು, ಬುದ್ಧಿ ಅವಳದು, ಹೊಣೆ ಅವಳದು. ಕಾಗದಕ್ಕೆ ಬೀಳಬೇಕಾದ ಸಹಿ ಮಾತ್ರ ಬೇರೊಬ್ಬನದು. 2004ರಲ್ಲಿ ಮಂತ್ರಿಮಂಡಲವು ಸ್ತ್ರೀಯರ ಉದ್ಯೋಗಕ್ಕೂ ಪರವಾನಗಿಗಳಿಗೂ ದಾರಿಯನ್ನು ಅಗಲಮಾಡುವ ನಿರ್ಣಯವನ್ನು ಕೈಗೊಂಡಿತಾದರೂ, ಆಚರಣೆಯು ಕಚೇರಿಯಿಂದ ಕಚೇರಿಗೆ ಎಳೆದಾಡುತ್ತ ಸಾಗಿತು. 2018ರ ಫೆಬ್ರವರಿಯಲ್ಲಿ, ಸ್ತ್ರೀಯು ತನ್ನ ತಂದೆ, ಗಂಡ, ಅಣ್ಣ ಮೊದಲಾದ ಪೋಷಕಪುರುಷನ ಅನುಮತಿಯಿಲ್ಲದೆ ಸ್ವಂತ ವ್ಯಾಪಾರವನ್ನು ಸ್ಥಾಪಿಸಬಹುದೆಂದು ವಾಣಿಜ್ಯ ಸಚಿವಾಲಯವು ಸ್ಪಷ್ಟವಾಗಿ ಸಾರಿತು. ಅದೇ ವರ್ಷದ ಜೂನ್ 24ರಂದು ಹೆಣ್ಣುಮಕ್ಕಳು ವಾಹನವನ್ನು ನಡೆಸಬಾರದೆಂಬ ನಿಷೇಧವು ತೆಗೆಯಲ್ಪಟ್ಟಿತು. ಮರುವರ್ಷದ ಆಗಸ್ಟಿನಲ್ಲಿ, ಇಪ್ಪತ್ತೊಂದು ವರ್ಷ ತುಂಬಿದವರು ಪೋಷಕನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟನ್ನು ಪಡೆದು ಪ್ರಯಾಣಮಾಡುವ ಹಕ್ಕೂ ದೊರೆಯಿತು.

ದೂರದಿಂದ ನೋಡುವವರು ಇವುಗಳಲ್ಲಿ ವಾಹನದ ಸುದ್ದಿಯನ್ನೇ ಬಹಳವಾಗಿ ಆಡಿದರು. ಅದು ಸರಿಯೇ, ಏಕೆಂದರೆ ತಬೂಕಿನಂತಹ ಹರಡಿಕೊಂಡ ಊರಿನಲ್ಲಿ ದೂರವೆಂಬುದು ಹಣಕ್ಕೆ ಸಮಾನ. ಮನೆಯಲ್ಲಿ ಖರ್ಜೂರದ ಮಿಠಾಯಿಯನ್ನು ಮಾಡಿ ಮಾರುವ ಹುಡುಗಿಯು ಹಿಟ್ಟು, ಬೆಣ್ಣೆ, ಪೆಟ್ಟಿಗೆಗಳನ್ನು ತರಲು ಒಂದು ಸಲ, ಬೇಡಿಕೆಯವರ ಮನೆಗೆ ಮುಟ್ಟಿಸಲು ಇನ್ನೊಂದು ಸಲ, ಅಣ್ಣನ ಬಿಡುವಿಗೆ ಕಾಯಬೇಕಾಗಿತ್ತು, ಇಲ್ಲವೆ ಚಾಲಕನಿಗೆ ಸಂಬಳ ಕೊಡಬೇಕಾಗಿತ್ತು. ಮೊದಲನೆಯದರಿಂದ ಮಾತು ತಪ್ಪುತ್ತಿತ್ತು, ಎರಡನೆಯದರಿಂದ ಲಾಭ ಕರಗುತ್ತಿತ್ತು. ಹತ್ತು ರಿಯಾಲುಗಳ ಲಾಭದಲ್ಲಿ ಏಳನ್ನು ವಾಹನಕ್ಕೆ ತೆರಬೇಕಾದವಳಿಗೆ ಧೈರ್ಯವನ್ನು ಉಪದೇಶಿಸಿ ಪ್ರಯೋಜನವೇನು? ಆ ಏಳು ಎರಡಾದ ದಿನ ಅವಳ ಲೆಕ್ಕವೇ ಬೇರೆಯಾಗುತ್ತದೆ, ಮತ್ತು ಲೆಕ್ಕ ಬೇರೆಯಾದಾಗ ಸಂಕಲ್ಪವೂ ಬೇರೆಯಾಗುತ್ತದೆ.

ಆದರೆ ಕಾನೂನು ಬಾಗಿಲನ್ನು ತೆರೆದ ಮಾತ್ರಕ್ಕೆ ಹೊಸ್ತಿಲ ಒಳಗಿನ ಮಾತುಕತೆಯು ಮುಗಿಯುವುದಿಲ್ಲ. ಅರಬ್ ಮನೆಗಳಲ್ಲಿ ತಪ್ಪು, ಕುಂದು, ನಾಚಿಕೆಗೇಡು ಎಂಬ ಅರ್ಥದಲ್ಲಿ ದಿನಕ್ಕೆ ಹಲವು ಸಲ ಕೇಳಿಬರುವ ಪದ ‘ಐಬ್’; ನಾವು ‘ಐಬು’ ಎನ್ನುವಾಗ ಅದೇ ಪದವನ್ನು ಆಡುತ್ತಿದ್ದೇವೆ. ಮಗಳು ಅಪರಿಚಿತರೊಡನೆ ದೂರವಾಣಿಯಲ್ಲಿ ಬೆಲೆಯನ್ನು ಚೌಕಾಶಿಮಾಡುವುದು ಐಬೋ ಅಲ್ಲವೋ, ಅವಳ ಹೆಸರು ಅಂಗಡಿಯ ಫಲಕದ ಮೇಲೆ ಬರುವುದು ಐಬೋ ಅಲ್ಲವೋ, ನಷ್ಟವಾದರೆ ಬಂಧುಗಳು ಏನೆನ್ನುವರು, ಇವೆಲ್ಲ ಶಾಸನಪುಸ್ತಕದಲ್ಲಿ ಇತ್ಯರ್ಥವಾಗುವ ವಿಷಯಗಳಲ್ಲ. ಇಲ್ಲಿಯೇ ಐಜೆನ್ನನ ಎರಡನೆಯ ಪ್ರಶ್ನೆಯು ತನ್ನ ಭಾರವನ್ನು ತೋರಿಸುತ್ತದೆ. ಮತ್ತು ಇಲ್ಲಿ ತರುಣಿಯ ಪಕ್ಷಕ್ಕೆ ನಿಲ್ಲುವ ಒಂದು ಮಹಾದೃಷ್ಟಾಂತವೂ ಆ ಸಮಾಜದ ಹೃದಯದಲ್ಲಿಯೇ ಇದೆ: ಪ್ರವಾದಿಯವರ ಪ್ರಥಮ ಪತ್ನಿಯಾದ ಖದೀಜಾ ಅವರು ಮೆಕ್ಕಾದಲ್ಲಿ ಸ್ವಂತ ಸಾರ್ಥವಾಹಗಳನ್ನು ಕಳುಹಿಸುತ್ತಿದ್ದ ಸಿರಿವಂತ ವರ್ತಕಿಯಾಗಿದ್ದು, ವಿವಾಹಕ್ಕೆ ಮುನ್ನ ಮುಹಮ್ಮದರು ಅವರ ಸರಕನ್ನು ಸಿರಿಯಾಕ್ಕೆ ಕೊಂಡೊಯ್ದಿದ್ದರು. ಜೆದ್ದಾದ ವಾಣಿಜ್ಯ ಮಂಡಲಿಯು ಸ್ತ್ರೀಯರಿಗಾಗಿ ತೆರೆದ ಕೇಂದ್ರಕ್ಕೆ ಖದೀಜಾ ಬಿಂತ್ ಖುವೈಲಿದ್ ಎಂಬ ಹೆಸರನ್ನಿಟ್ಟುದು ಅರ್ಥವತ್ತಾದುದು.

ಮನೆಯ ಹಿರಿಯ ಹೆಂಗಸರ ಸ್ಮೃತಿಯೂ ಅಂತೆಯೇ ನೆರವಾಗುತ್ತದೆ. ಉತ್ತರದ ಬೆಡೂಯಿನರಲ್ಲಿ ಕುರಿಯ ಉಣ್ಣೆಯನ್ನೂ ಒಂಟೆಯ ರೋಮವನ್ನೂ ನೂತು, ನೆಲದ ಮೇಲೆ ಹಾಸಿದ ಮಗ್ಗದಲ್ಲಿ ಗುಡಾರದ ಪಟ್ಟಿಗಳನ್ನೂ ಜೋಳಿಗೆಗಳನ್ನೂ ನೇಯತಕ್ಕವರು ಸ್ತ್ರೀಯರೇ. ‘ಸದು’ ಎಂದು ಕರೆಯಲ್ಪಡುವ ಈ ನೇಯ್ಗೆಯನ್ನು 2020ರಲ್ಲಿ ಯುನೆಸ್ಕೊ ಸಂಸ್ಥೆಯು, ಸೌದಿ ಅರೇಬಿಯಾ ಮತ್ತು ಕುವೈತ್‌ಗಳ ಹೆಸರಿನಲ್ಲಿ, ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಜ್ಜಿಯ ನೇಯ್ಗೆಯೇ ಮನೆಯ ನೆರಳಾಗಿದ್ದ ಸಂಸಾರದಲ್ಲಿ ಮೊಮ್ಮಗಳು ಚೀಲಗಳನ್ನು ಹೊಲಿದು ಮಾರುವುದನ್ನು ಪರಕೀಯವೆಂದು ತಳ್ಳುವುದು ಸುಲಭವಲ್ಲ. ಇನ್ನು ಪಟ್ಟಣಗಳಲ್ಲಿ ‘ಮಶ್ಗಲ್’ ಎಂಬ ಹೆಸರಿನ, ಬಾಗಿಲಿಗೆ ಪರದೆ ಇಳಿಬಿಟ್ಟ, ಹೊಲಿಗೆಯೂ ಕೇಶಾಲಂಕಾರವೂ ನಡೆಯುವ ಸ್ತ್ರೀಯರ ಮನೆಗಳು ಬಹುಕಾಲದಿಂದ ಇವೆ. ಗಿರಾಕಿಗಳೆಲ್ಲ ಹೆಂಗಸರೇ ಆದುದರಿಂದ ಇಲ್ಲಿ ಐಬಿನ ಪ್ರಶ್ನೆ ಏಳುವುದಿಲ್ಲ. ತರುಣಿಯರ ಮೊದಲ ವ್ಯಾಪಾರವು ಬಟ್ಟೆ, ಸುಗಂಧ, ಅಲಂಕಾರ, ಅಡಿಗೆಗಳ ಸುತ್ತಲೇ ಏಕೆ ಸುತ್ತುತ್ತದೆಂದು ಆಕ್ಷೇಪಿಸುವವರು ಈ ಇತಿಹಾಸವನ್ನು ನೆನೆಯಬೇಕು. ಒಪ್ಪಿಗೆಯು ಎಲ್ಲಿ ಮೊದಲೇ ಸಿದ್ಧವಾಗಿದೆಯೋ ಅಲ್ಲಿ ಕಾಲಿಡುವುದು ವಿವೇಕ.

ಬಂಡವಾಳದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಇಸ್ಲಾಮಿನ ಧರ್ಮಶಾಸ್ತ್ರದ ಪ್ರಕಾರ ಸ್ತ್ರೀಯ ಸ್ವತ್ತು ವಿವಾಹದ ಅನಂತರವೂ ಅವಳದೇ. ಸಂಸಾರದ ಪೋಷಣೆಯ ಹೊಣೆ, ಅವರ ಮಾತಿನಲ್ಲಿ ‘ನಫಕಾ’, ಗಂಡನದು. ಇದರಿಂದ ಅವಳ ಗಳಿಕೆಯು ಅವಳ ಕೈಯಲ್ಲಿಯೇ ಉಳಿಯುವ ಹಕ್ಕು ದೊರೆಯುತ್ತದೆ. ಇದು ಬಹಳ ದೊಡ್ಡ ಬಲ. ಆದರೆ ಅದೇ ನಿಯಮವು ಮತ್ತೊಂದು ಮುಖದಿಂದ ಅವಳ ಉದ್ಯಮವನ್ನು ಹಗುರಮಾಡಲೂಬಹುದು: ಅನ್ನಕ್ಕೆ ಅವಶ್ಯವಲ್ಲದ ದುಡಿಮೆಯಾದುದರಿಂದ, ಮಗುವಿಗೆ ಜ್ವರ ಬಂದಾಗ, ಅತ್ತೆಗೆ ಕಾಯಿಲೆಯಾದಾಗ, ಗಂಡನಿಗೆ ಬೇರೆ ಊರಿಗೆ ವರ್ಗವಾದಾಗ, ಮೊದಲು ನಿಲ್ಲಬೇಕಾದುದು ಅವಳ ವ್ಯಾಪಾರವೇ. ಮನೆಯವರು ವಿರೋಧಿಸಿದುದರಿಂದ ಹುಟ್ಟದೆಹೋದ ಉದ್ಯಮಗಳಿಗಿಂತ, ‘ಇದೇನು ಮಹಾ’ ಎಂಬ ಸೌಮ್ಯವಾದ ಉಪೇಕ್ಷೆಯಿಂದ ಬಾಡಿದ ಉದ್ಯಮಗಳೇ ಹೆಚ್ಚಿರಬೇಕೆಂದು ನನಗೆ ತೋರುತ್ತದೆ. ಇದು ನಮ್ಮಲ್ಲಿಯೂ ನಿಜವೇ.

ಮೊದಲ ಹಣವು ಬರುವ ದಾರಿಯೂ ನಮಗೆ ಅಪರಿಚಿತವಲ್ಲ. ಹತ್ತು ಹನ್ನೆರಡು ಮಂದಿ ಗೆಳತಿಯರೋ ಬಂಧುಗಳೋ ಸೇರಿ, ತಿಂಗಳಿಗೆ ಇಷ್ಟೆಂದು ಕೂಡಿಸಿ, ಸರದಿಯ ಪ್ರಕಾರ ಒಬ್ಬೊಬ್ಬಳು ಇಡಿಯ ಮೊತ್ತವನ್ನು ಪಡೆಯುವ ಏರ್ಪಾಡಿಗೆ ಅರಬ್ಬರು ‘ಜಮ್‌ಇಯ್ಯಾ’ ಎನ್ನುತ್ತಾರೆ. ನಮ್ಮ ಜಮಾಖರ್ಚಿನ ‘ಜಮಾ’ ಹುಟ್ಟಿದುದೂ ಅದೇ ಧಾತುವಿನಿಂದ; ಮತ್ತು ಏರ್ಪಾಡು ಬಹುಮಟ್ಟಿಗೆ ನಮ್ಮ ಚೀಟಿಯೇ. ಬಡ್ಡಿಯು ಧರ್ಮಕ್ಕೆ ನಿಷಿದ್ಧವೆಂದು ತಿಳಿದ ಮನೆಗಳಲ್ಲಿ ಬಡ್ಡಿಯಿಲ್ಲದ ಈ ಹಣ ಮನಸ್ಸಿಗೆ ಹಗುರ. 1971ರಲ್ಲಿ ಸ್ಥಾಪಿತವಾದ ಸರ್ಕಾರಿ ಸಾಲದ ಬ್ಯಾಂಕು, ಈಗ ಸಮಾಜಾಭಿವೃದ್ಧಿ ಬ್ಯಾಂಕೆಂಬ ಹೆಸರಿನಲ್ಲಿ, ಸಣ್ಣ ಉದ್ಯಮಗಳಿಗೂ, ‘ಉತ್ಪಾದಕ ಕುಟುಂಬ’ಗಳೆಂದು ಅಲ್ಲಿ ಕರೆಯಲ್ಪಡುವ ಗೃಹೋದ್ಯಮಗಳಿಗೂ ಬಡ್ಡಿರಹಿತವಾದ ಸಾಲವನ್ನು ಕೊಡುತ್ತಿದೆ. ಆದರೂ ಮೊದಲ ಹೆಜ್ಜೆಯಲ್ಲಿ ಕಚೇರಿಯ ಸಾಲಕ್ಕಿಂತ ಗೆಳತಿಯರ ಜಮ್‌ಇಯ್ಯಾ, ತಾಯಿಯ ಬಂಗಾರ, ತಂದೆಯ ಕೈಗಡ ಇವೇ ಮುಂದೆ ಬರುವುದು ಸಹಜ. ಏಕೆಂದರೆ ಹಣದ ಜೊತೆಗೆ ಅವು ಸಮ್ಮತಿಯನ್ನೂ ಹೊತ್ತು ತರುತ್ತವೆ.

ನೌಕರಿಯ ಅಭಾವವನ್ನು ಮರೆಯುವಂತಿಲ್ಲ. ಆ ದೇಶದಲ್ಲಿ ಸರ್ಕಾರವು ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆದುದು 1960ರಲ್ಲಿ; ಎರಡು ತಲೆಮಾರುಗಳೊಳಗೆ ವಿಶ್ವವಿದ್ಯಾಲಯದ ಪದವೀಧರರಲ್ಲಿ ಅರ್ಧಕ್ಕೂ ಮಿಕ್ಕವರು ಸ್ತ್ರೀಯರೇ ಆದರು. ಆದರೆ ‘ವಿಷನ್ 2030’ ಎಂಬ ಯೋಜನೆಯು 2016ರ ಏಪ್ರಿಲಿನಲ್ಲಿ ಪ್ರಕಟವಾದಾಗ ದುಡಿಮೆಯ ಕ್ಷೇತ್ರದಲ್ಲಿದ್ದವರು ದೇಶದ ಸ್ತ್ರೀಯರಲ್ಲಿ ಶೇಕಡ 22 ಮಂದಿ ಮಾತ್ರ. ಹಾಗೆ ದುಡಿಮೆಯ ಕ್ಷೇತ್ರಕ್ಕೆ ಇಳಿದ ಸ್ತ್ರೀಯರಲ್ಲಿಯೂ ಆ ವರ್ಷ ಸುಮಾರು ಮೂರನೆಯ ಒಂದು ಪಾಲಿನಷ್ಟು ಮಂದಿ ಕೆಲಸ ಸಿಗದೆ ನಿರುದ್ಯೋಗಿಗಳಾಗಿದ್ದರು. ಶೇಕಡ 22ನ್ನು 2030ರ ಹೊತ್ತಿಗೆ 30ಕ್ಕೆ ಏರಿಸಬೇಕೆಂಬುದು ಯೋಜನೆಯ ಗುರಿಯಾಗಿದ್ದಿತು. 2020ರ ಕೊನೆಗೇ ಅದು ದಾಟಿಹೋಯಿತು. ಇಷ್ಟು ಶೀಘ್ರವಾದ ಚಲನೆಯನ್ನು ಕಂಡಾಗ, ಬಯಕೆಯು ಮೊದಲೇ ಮಡುಗಟ್ಟಿ ನಿಂತಿದ್ದು ಕಟ್ಟೆ ಒಡೆಯುವುದನ್ನಷ್ಟೇ ಕಾಯುತ್ತಿದ್ದಿತೆಂದು ಊಹಿಸದೆ ಇರಲಾಗುವುದಿಲ್ಲ. ವರ್ಷಗಟ್ಟಲೆ ಉಪಾಧ್ಯಾಯಿನಿಯ ಹುದ್ದೆಗೆ ಅರ್ಜಿ ಹಾಕಿ ಕಾದವಳು, ಕಾಯುವ ಕಾಲದಲ್ಲಿ ಗೆಳತಿಯ ಮದುವೆಗೆಂದು ಮಾಡಿಕೊಟ್ಟ ಕೇಕಿನಿಂದ ಉದ್ಯಮಿಯಾಗುವುದು ಅಪೂರ್ವವೇನೂ ಅಲ್ಲ. ವಿದ್ವಾಂಸರು ಅವಶ್ಯಕತೆಯಿಂದ ಹುಟ್ಟಿದ ಉದ್ಯಮ, ಅವಕಾಶದಿಂದ ಹುಟ್ಟಿದ ಉದ್ಯಮ ಎಂದು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಜೀವಂತ ಮನುಷ್ಯರಲ್ಲಿ ಇವೆರಡೂ ಒಂದೇ ಹಗ್ಗದ ಎಳೆಗಳಾಗಿ ಹೆಣೆದುಕೊಂಡಿರುತ್ತವೆ.

ಆ ಕೇಕಿನಂತಹ ಸಣ್ಣ ಗೆಲುವಿನ ಬಲವನ್ನು ಅಲ್ಪವೆನ್ನಬಾರದು. ಆಲ್ಬರ್ಟ್ ಬಂದೂರಾ ಎಂಬ ಮನಶ್ಶಾಸ್ತ್ರಜ್ಞನು 1977ರಲ್ಲಿ, ತನ್ನ ಸಾಮರ್ಥ್ಯದಲ್ಲಿ ಮನುಷ್ಯನಿಗೆ ನಂಬಿಕೆ ಹುಟ್ಟುವ ಮೂಲಗಳನ್ನು ವಿವೇಚಿಸಿ, ಅವುಗಳಲ್ಲಿ ಪ್ರಬಲವಾದುದು ತಾನೇ ಒಂದು ಕೆಲಸವನ್ನು ಮಾಡಿ ಗೆದ್ದ ಅನುಭವವೆಂದೂ, ಅದರ ತರುವಾಯ ತನ್ನಂತಹವರೇ ಮಾಡಿ ಗೆದ್ದುದನ್ನು ಕಣ್ಣಾರೆ ಕಂಡುದೆಂದೂ, ಪರರ ಪ್ರೋತ್ಸಾಹದ ನುಡಿಗಳು ಅವುಗಳ ಅನಂತರದವೆಂದೂ ತೋರಿಸಿದನು. ಉಪನ್ಯಾಸಗಳಿಂದ ಉದ್ಯಮಿಗಳನ್ನು ಹುಟ್ಟಿಸಲು ಹವಣಿಸುವ ಎಲ್ಲ ದೇಶಗಳೂ ಈ ಕ್ರಮವನ್ನು ಗಮನಿಸಬೇಕು. 2005ರಲ್ಲಿ ಜೆದ್ದಾದ ವಾಣಿಜ್ಯ ಮಂಡಲಿಯ ಆಡಳಿತಕ್ಕೆ ಲಮಾ ಅಲ್ ಸುಲೈಮಾನ್ ಮತ್ತು ನಶ್ವಾ ತಾಹಿರ್ ಎಂಬ ಇಬ್ಬರು ಮಹಿಳೆಯರು ಚುನಾಯಿತರಾದುದು ಚರಿತ್ರಾರ್ಹವಾದ ಸಂಗತಿ. ಆದರೆ ಸುಮಾರು ಸಾವಿರ ಕಿಲೋಮೀಟರು ದೂರದ, ಹಳೆಯ ವರ್ತಕ ನಗರದ ದೃಷ್ಟಾಂತವು ತಬೂಕಿನ ಸಿಪಾಯಿಯ ಮಗಳಿಗೆ ‘ನನ್ನಂತಹವಳು’ ಎಂಬ ಭಾವವನ್ನು ಕೊಡಲಾರದು. ಅದನ್ನು ಕೊಡುವವಳು ತನ್ನ ತರಗತಿಯಲ್ಲಿ ಕುಳಿತಿದ್ದು, ಇನ್‌ಸ್ಟಾಗ್ರಾಮಿನಲ್ಲಿಯೋ ಸ್ನ್ಯಾಪ್‌ಚಾಟಿನಲ್ಲಿಯೋ ಧೂಪ, ಕಾಫಿ, ಅಬಾಯಾ ಎಂಬ ಮೇಲುಡುಪುಗಳ ಚಿತ್ರವನ್ನು ಹಾಕಿ, ವಾರಕ್ಕೆ ನಾಲ್ಕು ಬೇಡಿಕೆಗಳನ್ನು ಗಳಿಸಿದ ಪಕ್ಕದ ಬೀದಿಯ ಹುಡುಗಿ. ಅಂಗಡಿಯ ಬಾಡಿಗೆಯಿಲ್ಲದೆ, ಮುಖವನ್ನು ತೋರಿಸಬೇಕಾದ ನಿರ್ಬಂಧವಿಲ್ಲದೆ, ಹೆಸರನ್ನೂ ಬೇಕಾದರೆ ಮರೆಯಲ್ಲಿಟ್ಟು, ಸೋತರೆ ಯಾರಿಗೂ ತಿಳಿಯದಂತೆ ಮುಚ್ಚಿಬಿಡಬಹುದಾದ ಆ ಸಣ್ಣ ಪೇಟೆಯು ಹೆಣ್ಣುಮಕ್ಕಳಿಗೆ ಮಾಡಿದ ಉಪಕಾರವು ದೊಡ್ಡದು.

ನಮ್ಮ ನಾಡಿನ ಕಡೆಗೆ ಒಂದು ಕ್ಷಣ ತಿರುಗಿದರೆ ಹೋಲಿಕೆಯು ಬೋಧಪ್ರದವಾಗಿದೆ. ಆಸ್ಟ್ರೇಲಿಯಾದಲ್ಲಿ ಮದ್ಯಪಾಕಶಾಸ್ತ್ರವನ್ನು ಕಲಿತು ಬಂದ ಕಿರಣ್ ಮಜುಂದಾರ್ ಅವರಿಗೆ, ಸ್ತ್ರೀಯೆಂಬ ಕಾರಣದಿಂದ ಆ ವೃತ್ತಿಯಲ್ಲಿ ಭಾರತದ ಕಾರ್ಖಾನೆಗಳು ಎಡೆಗೊಡಲಿಲ್ಲ. 1978ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರುಕೊಟ್ಟಿಗೆಯಲ್ಲಿ ಹತ್ತು ಸಾವಿರ ರೂಪಾಯಿಯ ಬಂಡವಾಳದಿಂದ ಅವರು ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ ಯಾವ ಕಾನೂನೂ ಅವರಿಂದ ತಂದೆಯ ರುಜುವನ್ನು ಕೇಳಲಿಲ್ಲ. ಆದರೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು, ಹೆಂಗಸಿನ ಕೈಕೆಳಗೆ ಕೆಲಸಕ್ಕೆ ಬರಲು ಜನ ಹಿಂದೆಗೆದರು. ಐದು ವರ್ಷಗಳ ಅನಂತರ, 1983ರಲ್ಲಿ, ಅದೇ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳು ‘ಅವೇಕ್’ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅತ್ತ ಉಡುಪಿಯ ಬಳಿಯ ಶಂಕರಪುರದ ಸುತ್ತಿನ ಹಳ್ಳಿಗಳಲ್ಲಿ ಹಿತ್ತಿಲಿನ ಮಲ್ಲಿಗೆಯನ್ನು ಬೆಳಗಿನ ಜಾವದಲ್ಲಿ ಕೊಯ್ದು, ಮಾಲೆ ಕಟ್ಟಿ, ಅಟ್ಟೆಯೆಂಬ ಅಳತೆಯ ಲೆಕ್ಕದಲ್ಲಿ ಹೂವಿನ ಕಟ್ಟೆಗೆ ಕಳುಹಿಸುವ ಗೃಹಿಣಿಯರು ಉದ್ಯಮಸಂಕಲ್ಪವೆಂಬ ಮಾತನ್ನೇ ಕೇಳದೆ, ತಲೆಮಾರುಗಳಿಂದ ಉದ್ಯಮವನ್ನು ನಡೆಸಿಕೊಂಡು ಬಂದಿದ್ದಾರೆ. ಅವರ ಹೂವಿಗೆ ಕೊಳ್ಳುವವರ ಕಟ್ಟೆಯು ನಿತ್ಯವೂ ಸಿದ್ಧವಾಗಿದೆ, ದಿನದಿನದ ಬೆಲೆಯು ಎಲ್ಲರಿಗೂ ತಿಳಿದಿದೆ, ನೆರೆಮನೆಯವಳೂ ಅದನ್ನೇ ಮಾಡುತ್ತಾಳೆ. ಇಷ್ಟಿದ್ದರೆ ಸಾಕು, ಅಸಾಧಾರಣವಾದ ಧೈರ್ಯದ ಅವಶ್ಯಕತೆ ಬೀಳುವುದಿಲ್ಲ.

ಸೌದಿ ಅರೇಬಿಯಾಕ್ಕೆ ಹೋಗಿ ನೆಲಸಿದ ನಮ್ಮ ಕರಾವಳಿಯ ಸಂಸಾರಗಳ ಸ್ತ್ರೀಯರ ಸ್ಥಿತಿಯು ಇದರಿಂದ ಬೇರೆ. ಗಂಡನ ಆಶ್ರಿತೆಯಾಗಿ ವಾಸದ ಪರವಾನಗಿಯನ್ನು ಪಡೆದವಳಿಗೆ ವ್ಯಾಪಾರದ ಹಕ್ಕಿಲ್ಲ. ಸೌದಿ ಪ್ರಜೆಯ ಹೆಸರಿನ ಮರೆಯಲ್ಲಿ ಪರದೇಶೀಯರು ವ್ಯಾಪಾರ ನಡೆಸುವುದು ಅಪರಾಧ. ಇದರ ಮೇಲೆ 2017ರ ಜುಲೈ ತಿಂಗಳಿನಿಂದ ಆಶ್ರಿತರ ತಲೆಗೆ ತಿಂಗಳಿಗೆ ನೂರು ರಿಯಾಲಿನಂತೆ ಆರಂಭವಾದ ಶುಲ್ಕವು ವರ್ಷಕ್ಕೆ ನೂರರಂತೆ ಏರಿದಾಗ, ಮಡದಿಮಕ್ಕಳನ್ನು ಊರಿಗೆ ಕಳುಹಿಸಬೇಕಾದ ಸಂಸಾರಗಳು ಅನೇಕ. ಕೈಯಲ್ಲಿ ಕಲೆಯಿದ್ದು, ಸುತ್ತ ಗಿರಾಕಿಗಳಿದ್ದು, ಹಕ್ಕು ಮಾತ್ರ ಇಲ್ಲದ ಆ ತಾಯಂದಿರನ್ನು ನೆನೆದಾಗ ಮನಸ್ಸು ನೋಯುತ್ತದೆ.

ತಬೂಕಿನ ಮುಂದಿರುವ ದೊಡ್ಡ ಆಕರ್ಷಣೆಯೆಂದರೆ ನಿಯೋಮ್. 2017ರ ಅಕ್ಟೋಬರಿನಲ್ಲಿ ಘೋಷಿತವಾದ, ಐವತ್ತು ಸಾವಿರ ಕೋಟಿ ಡಾಲರುಗಳದೆಂದು ಸಾರಲಾದ ಈ ಯೋಜನೆಯ 26,500 ಚದರ ಕಿಲೋಮೀಟರಿನ ನೆಲವು ಈ ಪ್ರಾಂತದ ಕರಾವಳಿಯಲ್ಲಿದೆ. ದಕ್ಷಿಣಕ್ಕೆ ಉಮ್ಲುಜ್, ಅಲ್ ವಜ್ಹ್ ಊರುಗಳ ನಡುವೆ ಕೆಂಪು ಸಮುದ್ರದ ಪ್ರವಾಸಿಧಾಮಗಳು ಏಳುತ್ತಿವೆ. ಹೊಸ ಊರುಗಳಿಗೆ ಊಟ ಬೇಕು, ಸಮವಸ್ತ್ರ ಬೇಕು, ಉಡುಗೊರೆಯ ವಸ್ತು ಬೇಕು. ಗಿರಾಕಿ ಬರುವನೆಂಬ ನಿರೀಕ್ಷೆಯೇ ಸಂಕಲ್ಪಕ್ಕೆ ನೀರೆರೆಯುತ್ತದೆ. ಆದರೆ ಅದೇ ಯೋಜನೆಗಾಗಿ ಕರಾವಳಿಯ ಹಳ್ಳಿಗಳ ಹುವೈತಾತ್ ಬುಡಕಟ್ಟಿನ ಸಂಸಾರಗಳು ತಮ್ಮ ಮನೆಗಳನ್ನು ಬಿಡಬೇಕಾಯಿತೆಂಬುದನ್ನೂ ಹೇಳದೆ ಹೋಗುವುದು ಸತ್ಯವಾಗದು. ಅಲ್ಲದೆ ದೊಡ್ಡ ಗುತ್ತಿಗೆಗಳು ದೊಡ್ಡವರನ್ನೇ ಹುಡುಕಿಕೊಂಡು ಹೋಗುತ್ತವೆ. ಮನೆಯ ಅಡಿಗೆಮನೆಯಿಂದ ಐನೂರು ಜನರ ಊಟದ ಗುತ್ತಿಗೆಗೆ ಏರುವ ಮೆಟ್ಟಿಲುಗಳನ್ನು ಯಾರಾದರೂ ಕಟ್ಟಿಕೊಡಬೇಕು.

ಸೋಲಿನ ಭಯವೂ ಇದೆ. ಉದ್ಯಮವನ್ನು ಕುರಿತ ಲೋಕದ ಸಮೀಕ್ಷೆಗಳಲ್ಲಿ ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚಾಗಿ ಕಾಣಿಸುವುದುಂಟು. ಇದನ್ನು ಸ್ವಭಾವದ ದೌರ್ಬಲ್ಯವೆಂದು ಎಣಿಸಲು ನಾನು ಒಪ್ಪುವುದಿಲ್ಲ. ಸೋತ ಮಗನನ್ನು ‘ಮುಂದಿನ ಸಲ ನೋಡೋಣ’ ಎಂದು ಸಂತೈಸುವ ಮನೆಯು ಸೋತ ಮಗಳಿಗೆ ‘ಮೊದಲೇ ಹೇಳಿರಲಿಲ್ಲವೆ’ ಎನ್ನುವುದಾದರೆ, ಅವಳಿಗೆ ಸೋಲಿನ ಬೆಲೆಯು ನಿಜವಾಗಿಯೇ ಹೆಚ್ಚು. ಹೆಚ್ಚು ಬೆಲೆಯ ವಸ್ತುವಿಗೆ ಹೆಚ್ಚು ಅಂಜುವುದು ಲೆಕ್ಕ ಬಲ್ಲವರ ಲಕ್ಷಣ. 2018ರಲ್ಲಿ ಸೌದಿ ಸರ್ಕಾರವು ದಿವಾಳಿತನದ ಹೊಸ ಕಾನೂನನ್ನು ತಂದು ಸೋತ ವರ್ತಕರಿಗೆ ಮತ್ತೆ ಏಳುವ ದಾರಿಯನ್ನು ಮಾಡಿಕೊಟ್ಟಿದೆ. ಊಟದ ಕೋಣೆಯ ದಿವಾಳಿಗೆ ಅಂತಹ ಕಾನೂನು ತಾಯಿಯ ಬಾಯಿಂದ ಬರಬೇಕಷ್ಟೆ.

ಇವೆಲ್ಲವುಗಳ ನಡುವೆ ನಿಶ್ಚಯದ ಗಳಿಗೆಯೆಂಬುದು ಯಾವುದು? ಪರವಾನಗಿಯ ದಿನವಲ್ಲವೆಂದು ನನಗೆ ತೋರುತ್ತದೆ. ರಂಜಾನಿನ ಕೊನೆಯ ಹತ್ತು ದಿನಗಳಲ್ಲಿ ಮನೆಮನೆಗೂ ಹಬ್ಬದ ತಿನಿಸು ಬೇಕು. ಮಅಮೂಲ್ ಎಂಬ ಖರ್ಜೂರದ ಹೂರಣವಿಟ್ಟ ಬಿಸ್ಕತ್ತಿಗೆ ಬೇಡಿಕೆಯ ಮೇಲೆ ಬೇಡಿಕೆ. ರಾತ್ರಿಯಿಡೀ ಒಲೆ ಆರುವುದಿಲ್ಲ, ತಂಗಿಯರು ಪೆಟ್ಟಿಗೆ ಕಟ್ಟುತ್ತಾರೆ, ಅಣ್ಣನೂ ಒಂದೆರಡು ಸಲ ಕಾರನ್ನು ಹೊರಡಿಸುತ್ತಾನೆ. ಆಗ ಯಾರೂ ಏನನ್ನೂ ನಿಶ್ಚಯಿಸಬೇಕಾದುದಿಲ್ಲ. ಹಬ್ಬ ಕಳೆಯುತ್ತದೆ. ರಂಜಾನಿನ ಮುಂದಿನ ಷವ್ವಾಲ್ ತಿಂಗಳ ನಡುವಿನ ಒಂದು ಮಧ್ಯಾಹ್ನ, ದೂರವಾಣಿಯು ಮೂರು ದಿನದಿಂದ ಸುಮ್ಮನಿರುವಾಗ, ಆ ಹುಡುಗಿ ಉಳಿದ ಹಿಟ್ಟನ್ನು ಅಳೆದು, ಬಂದ ಹಣದಲ್ಲಿ ಗೆಳತಿಯರ ಜಮ್‌ಇಯ್ಯಾಕ್ಕೆ ತೆರಬೇಕಾದುದನ್ನು ಬೇರೆ ತೆಗೆದಿಟ್ಟು, ಮಿಕ್ಕುದನ್ನು ಮುಂದೆ ಹಾಕಿಕೊಂಡು ಕುಳಿತಿರುತ್ತಾಳೆ. ಅದರಿಂದ ಒಂದು ಒಳ್ಳೆಯ ಅಬಾಯಾವನ್ನು ಕೊಳ್ಳಬಹುದು. ಅಥವಾ ಇನ್ನೂ ಸ್ವಲ್ಪ ದೊಡ್ಡದಾದ ಒಲೆಯನ್ನು.